ಮರಗಪ್ಪೆ ಎಲೆ ಮಡಿಚಿದ್ದು

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲದಲ್ಲಿ ಒಂದು ಆಘಾತಕಾರಿ ಘಟನೆ ನಡೆಯಿತು. ಪಂಕ್ತಿಯಲ್ಲಿ ಹಿರಿಯರು ಏಳುವ ಮೊದಲೇ ಒಂದು ಕಪ್ಪೆ ಎಲೆ ಮಡಿಚಿತು. ಆನೆಯ ಸೊಂಡಿಲು ಅರ್ಧದಲ್ಲೇ ನಿಂತಿತು. ನವಿಲು ಗರಿ ಮುಚ್ಚಿ ಶೋಕ ಆಚರಿಸಿತು.

ಅದು ಭೂಮಿತಾಯಿ ಹಾಕಿಸಿದ ಮೊದಲ ಪಂಕ್ತಿ. ಬಡಿಸುತ್ತಿದ್ದದ್ದು ಅನ್ನವಲ್ಲ, ಮಣ್ಣು. ಯಾರ ಎಲೆಗೆ ಎಷ್ಟು ಬಿತ್ತೋ ಅಷ್ಟು ನೆಲ ಅವರ ಮಕ್ಕಳಿಗೆ. ಬಡಿಸುವವನು ಗಾಳಿಯಣ್ಣ.

ಕಪ್ಪೆಯ ಹೆಸರು ಚಿಗುರಿ. ಹೆಬ್ಬೆಟ್ಟಿನಷ್ಟು ಮೈ, ಹೊಟ್ಟೆ ತುಂಬ ಮೊಟ್ಟೆ. ಅವಳಿಗೆ ಕೂರಲು ಸಿಕ್ಕಿದ್ದು ಪಂಕ್ತಿಯ ಕಟ್ಟಕಡೆ, ಒಂದು ಗುಡ್ಡದ ಇಳಿಜಾರು. ಅಲ್ಲಿಗೆ ಬರುವಷ್ಟರಲ್ಲಿ ಹಾಸುವ ಎಲೆಗಳು ಮುಗಿದಿದ್ದವು.

"ಹೊಂಡದ ಮೇಲೆ ಗಿಡ ಬಾಗಿದೆಯಲ್ಲ, ಅದರ ಎಲೆಯೇ ನಿನ್ನದು ಅಂದುಕೋ ತಾಯಿ," ಎಂದ ಗಾಳಿ. ಅಂದುಕೊಂಡಳು.

ಗಾಳಿ ಆನೆಗೆ ಬಡಿಸಿದ. ಮತ್ತೆ ಬಡಿಸಿದ. ಕಾಗೆಗೆ ಊರೂರನ್ನೇ ಬಡಿಸಿದ. ಕೆರೆಗಪ್ಪೆ ಕೂಡ ನಾಡಿನ ಕೆರೆಗಳನ್ನೆಲ್ಲ ಹಾಕಿಸಿಕೊಂಡು ತೇಗಿತು.

"ಗಾಳಿಯಣ್ಣಾ, ಇತ್ತ ಕಡೆ," ಎಂದಳು ಚಿಗುರಿ.

"ಬಂದೆ," ಎಂದ ಗಾಳಿ, ಆನೆಯ ಕಡೆ ಹೋದ.

"ಗಾಳಿಯಣ್ಣಾ, ಇತ್ತ ಕಡೆ."

"ಬಂದೆ, ಬಂದೆ."

ಬಿಸಿಲೇರಿತು. ಹೊಟ್ಟೆಯಲ್ಲಿದ್ದ ಮೊಟ್ಟೆಗಳಿಗೆ ಪಂಕ್ತಿಯ ಶಿಸ್ತು ತಿಳಿಯದು. ಚಿಗುರಿ ಅವನ್ನು ಖಾಲಿ ಎಲೆಯ ಮೇಲೆ ಇಟ್ಟಳು. ಒಣಗಬಾರದೆಂದು ಹಿಂಗಾಲಿನಿಂದ ಅಂಚು ಎಳೆದು, ಎಲೆ ಮಡಿಚಿ ಅಂಟಿಸಿದಳು.

ಆಗ ಬಂದ ಗಾಳಿ. ಬುಟ್ಟಿಯ ತಳದಲ್ಲಿ ಒಂದು ಹಿಡಿ ಮಣ್ಣಿತ್ತು.

"ಎಲೆ ಮಡಿಚಿಬಿಟ್ಟೆಯಲ್ಲಮ್ಮ. ಮಡಿಚಿದ ಎಲೆಗೆ ಬಡಿಸುವ ಪದ್ಧತಿ ಇಲ್ಲ."

"ಮಡಿಚದೆ ಇದ್ದಾಗ ಬಡಿಸಿದೆಯಾ?"

ಗಾಳಿ ಆನೆಯ ಕಡೆ ತಿರುಗಿದ. ಮಣ್ಣು ಹಾಳಾಗಬಾರದಲ್ಲ, ಆ ಹಿಡಿಯನ್ನೂ ಆನೆಯ ಎಲೆಗೇ ಸುರಿದ.

"ಪದ್ಧತಿ ಅಂದರೆ ಪದ್ಧತಿ," ಎಂದ ಆನೆಮಾವ, ಅದನ್ನೂ ಒಳಗೆ ಎಳೆದುಕೊಳ್ಳುತ್ತ. "ಊಟ ಮುಗಿಯಿತಲ್ಲ, ಎದ್ದು ಹೋಗು."

ಚಿಗುರಿಗೆ ಮೈಯೆಲ್ಲ ಉರಿಯಿತು. ಎದ್ದರೆ ಮೊಟ್ಟೆಗಳಿಗೆ ಕಾಲೂರಲು ನೆಲವಿಲ್ಲ. ಅವಳು ಅಲುಗಲಿಲ್ಲ.

"ಆನೆಮಾವ, ನೀವು ಹಿರಿಯರು, ನೀವೇ ಹೇಳಿ. ಬಡಿಸದೆ ಕೂರಿಸಿದವರನ್ನು ಪಂಕ್ತಿಯಿಂದ ಎಬ್ಬಿಸಿ ಕಳಿಸುವ ಪದ್ಧತಿ ಇದೆಯಾ?"

ಆನೆಮಾವ ಬಹಳ ಹೊತ್ತು ಯೋಚಿಸಿದ. ನವಿಲನ್ನು ಕೇಳಿದ. ಕಾಗೆಯನ್ನು ಕೇಳಿದ. ಅಂಥ ಪದ್ಧತಿ ಇರಲಿಲ್ಲ.

ಹೀಗೆ ಚಿಗುರಿ ಕೂತ ಇಳಿಜಾರು ಅವಳಿಗೇ ಉಳಿಯಿತು. ಹೆಚ್ಚಿಗೆ ಒಂದು ಚಿಟಿಕೆಯೂ ಸಿಗಲಿಲ್ಲ.

ಮಕ್ಕಳೇ, ಆ ಜಾತಿಯ ಮರಗಪ್ಪೆ ಇವತ್ತಿಗೂ ಆ ಒಂದು ಗುಡ್ಡ ಬಿಟ್ಟರೆ ಬೇರೆಲ್ಲೂ ಇಲ್ಲ. ಮಳೆಗಾಲದಲ್ಲಿ ಅಲ್ಲಿ ಹೊಂಡದ ಮೇಲೆ ಬಾಗಿದ ಎಲೆ ಮಡಿಚಿಕೊಂಡಿದ್ದರೆ, ಒಳಗೆ ಮೊಟ್ಟೆಗಳಿರುತ್ತವೆ.