ಸೂರ್ಯಪ್ಪನ ಓಕುಳಿ ಒರೆಸಿದ ಕಣ್ಣು

ಭೂಮಿಗೆ ಇನ್ನೂ ಹೊಸ ಮಣ್ಣಿನ ವಾಸನೆ ಇದ್ದ ಕಾಲ ಅದು. ಈ ಕತೆಯಲ್ಲಿ ಒಂದು ಸೀರೆ ಬರುತ್ತೆ; ಆಗ ಸೀರೆ ಇತ್ತಾ ಅಂತ ನಡುವೆ ಬಾಯಿ ಹಾಕಬೇಡ ಮಗಾ, ಇತ್ತು ಅಂದ್ರೆ ಇತ್ತು!

ಆಗ ಸೂರ್ಯಪ್ಪನಿಗೆ ಓಕುಳಿ ಆಡುವ ಹುಚ್ಚು. ಬೆಳಗ್ಗೆ ಬಂಗಾರದ ನೀರು ಎರಚುತ್ತಿದ್ದ. ಸಂಜೆ ಅರಿಶಿನಕ್ಕೆ ಸುಣ್ಣ ಕಲಸಿದ ಕೆಂಪು ನೀರು. ಮರಕ್ಕೂ ಅದೇ, ಹಕ್ಕಿಗೂ ಅದೇ, ಅವ್ವಂದಿರಿಗೂ ಅದೇ. ನಮ್ಮ ಕಣ್ಣೋ, ಶುದ್ಧ ಪೆದ್ದು! ಕಂಡದ್ದನ್ನೆಲ್ಲ ನಂಬಿಬಿಡುತ್ತಿತ್ತು.

ಒಂದು ದಿನ ಪುಟಾಣಿ ಬೊಮ್ಮಿ ಗದ್ದೆ ಬದುವಿನ ಮೇಲೆ ಕೂತಿದ್ದಳು. ಅವಳ ಅವ್ವ ಸಾಂತಕ್ಕ ಹುಲ್ಲು ಕೊಯ್ಯಲು ಹೋಗುವಾಗ ಹೇಳಿದ್ದಳು: "ಸಂಜೆ ತಲೆ ಮೇಲೆ ಹೊರೆ ಇರುತ್ತೆ, ನಂಗೆ ನೀನು ಕಾಣಲ್ಲ. ಹಸಿರು ಸೀರೆ ಕಂಡ ತಕ್ಷಣ ಓಡಿ ಬಂದು ಸೆರಗು ಹಿಡ್ಕೋ. ಬರದಿದ್ರೆ ಅಜ್ಜಿ ಜೊತೆ ಮನೆಗೆ ಹೋದೆ ಅಂದ್ಕೋತೀನಿ."

ಸಂಜೆಯಾಯಿತು. ಸೂರ್ಯಪ್ಪ ಕೊಡಗಟ್ಟಲೆ ಕೆಂಪು ಎರಚಿದ. ಹೆಂಗಸರು ಸಾಲಾಗಿ ಬಂದರು. ಹೊರೆಯ ಹುಲ್ಲು ಇಳಿಬಿದ್ದು ಒಬ್ಬರ ಮುಖವೂ ಕಾಣದು. ಸೀರೆ ನೋಡಿದರೆ ಇದೂ ಕೆಂಪು, ಅದೂ ಕೆಂಪು, ಆಚೆಯದೂ ಕೆಂಪು! ಎಲ್ಲರೂ ದಾಟಿಹೋದರು.

"ನಮ್ಮವ್ವ ಬರಲೇ ಇಲ್ಲ!" ಬೊಮ್ಮಿ ಹೋ ಅಂತ ಅತ್ತಳು. ಕತ್ತಲಾದರೆ ಆ ಕೂಸು ಒಂಟಿ!

ಗಾಳಿ ಬಂದು ಕೇಳಿತು, "ಯಾಕವ್ವಾ ಅಳ್ತೀಯಾ?"

"ಹಸಿರು ಸೀರೆ ಎಲ್ಲೂ ಇಲ್ಲ," ಅಂತು ಬೊಮ್ಮಿಯ ಪೆದ್ದು ಕಣ್ಣು.

"ಅಯ್ಯೋ ನಿನ್ನ! ಆ ಬೆಳ್ಳಕ್ಕಿ ಯಾವ ಬಣ್ಣ ಹೇಳು?"

"ಕೆಂಪು."

"ಬೆಳ್ಳಕ್ಕಿ ಎಲ್ಲಾದರೂ ಕೆಂಪಗಿರುತ್ತಾ? ಈ ಗದ್ದೆ?"

"ಅದೂ... ಕೆಂಪು."

"ಎಲ್ಲರ ಮೇಲೂ ಒಂದೇ ಕೆಂಪು ಇದ್ರೆ ಅದು ಅವರ ಬಣ್ಣ ಅಲ್ಲ ಕಣೇ, ಸೂರ್ಯಪ್ಪನ ಓಕುಳಿ! ಅಷ್ಟನ್ನು ಒರೆಸಿ ನೋಡು. ಬೇಗ, ಬೇಗ!"

ಕಣ್ಣು ಪಟಪಟ ರೆಪ್ಪೆ ಬಡಿದು ಒರೆಸಿತು. ಬೆಳ್ಳಕ್ಕಿ ಬೆಳ್ಳಗಾಯಿತು! ಗದ್ದೆ ಹಸಿರಾಯಿತು! ಅಗೋ, ದಾರಿಯ ತಿರುವಿನಲ್ಲಿ ಹಸಿರು ಸೀರೆ!

"ಅವ್ವಾ!" ಬೊಮ್ಮಿ ಓಡಿದಳು ನೋಡು! ಬಿದ್ದಳು, ಎದ್ದಳು, ಮತ್ತೆ ಓಡಿದಳು. ಸೆರಗು ಕೈಗೆ ಸಿಕ್ಕಿತು! ಸಾಂತಕ್ಕ ಹೊರೆಯನ್ನು ಅಲ್ಲೇ ಬಿಸಾಕಿ ಮಗಳನ್ನು ಅಪ್ಪಿಕೊಂಡಳು. "ನನ್ನ ಆಟ ನಡೀಲಿಲ್ಲವಲ್ಲ" ಅಂತ ಸೂರ್ಯಪ್ಪ ಮುಖ ಊದಿಸಿಕೊಂಡು ಗುಡ್ಡದ ಹಿಂದೆ ಇಳಿದ.

ಅವತ್ತಿನಿಂದ ನಮ್ಮೆಲ್ಲರ ಕಣ್ಣೂ ಆ ಓಕುಳಿ ಒರೆಸುವುದನ್ನು ಬಿಟ್ಟಿಲ್ಲ. ಅದಕ್ಕೇ ಮಗಾ, ಬೆಳಗಿನ ಬಿಸಿಲಿರಲಿ, ಸಂಜೆಗೆಂಪಿರಲಿ, ದೀಪದ ಬೆಳಕಿರಲಿ, ನಿಮ್ಮವ್ವನ ಸೀರೆ ನಿನಗೆ ಅದೇ ಬಣ್ಣವಾಗಿ ಕಾಣೋದು. ಎಷ್ಟು ಜನರ ನಡುವೆ ಇದ್ದರೂ ನೀನು ಸೀದಾ ಅವಳ ಹತ್ತಿರವೇ ಓಡೋದು.