ಮುದ್ದಾಜಿಯ ರಾಗಿಹೆಂಡ

ಬಾ ಪುಟ್ಟಿ, ಕಂಬಳಿ ಹೊದ್ಕೋ, ಕಾಲು ಒಳಗೆ ಎಳ್ಕೋ. ಒಂದಾನೊಂದು ಕಾಲದಲ್ಲಿ, ಅದು ಯಾವ ಕಾಲ ಅಂತ ಕೇಳ್ಬೇಡ, ನಮ್ಮಜ್ಜಿಗೂ ಗೊತ್ತಿರ್ಲಿಲ್ಲ, ಕೆಮ್ಮಣ್ಣುಪಾಳ್ಯ ಅಂತ ಒಂದು ಊರಿತ್ತಂತೆ. ಆ ಊರಲ್ಲಿ ಕರಿಸೆಟ್ಟಿ ಅಂತ ಒಬ್ಬ ಕುಂಬಾರ, ಅವನ ಹೆಂಡ್ತಿ ಮುದ್ದಾಜಿ, ಅವನ ತಾಯಿ, ಹೀಗೆ ಮೂರು ಜನ ಇದ್ರಂತೆ. ಕರಿಸೆಟ್ಟಿ ತಿಗುರಿ ಮುಂದೆ ಕೂತ್ರೆ ಮಡಕೆ ತಾನಾಗೇ ಎದ್ದು ನಿಲ್ತಿತ್ತಂತೆ, ಅಂಥಾ ಕೈ. ಆದ್ರೆ ಸಂಜೆ ಆದ್ರೆ ದೊಡ್ಡಯ್ಯನ ಹೆಂಡದಂಗಡಿಗೆ ಹೋಗೋನು. ಪಾಳೇಗಾರರ ಹತ್ರ ಹೆಂಡ ಮಾರೋ ಗುತ್ತಿಗೆ ಹಿಡಿದೋನು ಆ ದೊಡ್ಡಯ್ಯ. ಹೆಂಡಕ್ಕೆ ಸುಣ್ಣ ಹಾಕ್ತಿದ್ನೋ, ಉಮ್ಮತ್ತಿ ಬೀಜ ಹಾಕ್ತಿದ್ನೋ, ಕುಡಿದೋರಿಗೆ ಬೆಳಗ್ಗೆ ತಲೆ ಬಂಡೆ ಆಗೋದು. ಬರ್ತಾ ಬರ್ತಾ ಕರಿಸೆಟ್ಟಿ ಕೈ ನಡುಗೋಕೆ ಶುರುವಾಯ್ತು, ಮಡಕೆ ಕತ್ತು ಸೊಟ್ಟ ಆಗೋಕೆ ಶುರುವಾಯ್ತು.

ಮುದ್ದಾಜಿ ಜಗಳ ಆಡ್ಲಿಲ್ವಂತೆ. ಅವಳ ತವರಲ್ಲಿ ಮನೆಮನೆಯಲ್ಲೂ ರಾಗಿಹೆಂಡ ಮಾಡೋರು. ನಿಮ್ಮಪ್ಪ ಬೀರು ಅಂತಾನಲ್ಲ, ಅದೇ ಜಾತಿ ಅಂದ್ಕೋ, ನೊರೆ ಬರುತ್ತೆ, ಒಂಚೂರು ಹುಳಿ, ಒಂಚೂರು ಸಿಹಿ. ಅದಕ್ಕೆ ಹಾಕೋ ಹೆಪ್ಪಿನ ಬಿಲ್ಲೆಗಳನ್ನ, ಅಂದ್ರೆ ಅಕ್ಕಿಹಿಟ್ಟಲ್ಲಿ ಬೇರು ಅರೆದು ಒಣಗಿಸಿದ ಸಣ್ಣ ಉಂಡೆಗಳನ್ನ, ಅವಳ ತಾಯಿ ಕುಡಿಕೆಯಲ್ಲಿ ಕಟ್ಟಿ ಕಳಿಸಿದ್ಲಂತೆ. ತಾಯಿ ಮಾಡೋದನ್ನ ಮುದ್ದಾಜಿ ನೋಡಿದ್ಲೇ ಹೊರತು ಯಾವತ್ತೂ ಕೈಯಾರೆ ಮಾಡಿರ್ಲಿಲ್ಲ. ಮಾಡೇ ನೋಡ್ತೀನಿ ಅಂತ ಕೂತ್ಲಂತೆ.

ರಾಗಿ ನೆನೆಹಾಕಿದ್ಲು, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದ್ಲು, ಬಿಸಿಲಲ್ಲಿ ಒಣಗಿಸಿ ಬೀಸಿದ್ಲು, ಅಂಬಲಿ ಕಾಯಿಸಿದ್ಲು, ಆಮೇಲೆ ಕುದಿಯೋ ಅಂಬಲಿಗೇ ಬಿಲ್ಲೆ ಹಾಕಿಬಿಟ್ಲಂತೆ. ಬಿಲ್ಲೆ ಬೆಂದು ಸತ್ತೋಯ್ತು. ಏಳು ದಿನ ಕಾದ್ರೂ ಅಂಬಲಿ ಅಂಬಲಿಯಾಗೇ ಇತ್ತು, ಎಮ್ಮೆಗೆ ಹುಯ್ದರು. ಎರಡನೇ ಸಲ ಆರಿಸಿ ಹಾಕಿದ್ಲು, ಆದ್ರೆ ಗಾಳಿ ಆಡಬಾರ್ದು ಅಂತ ಮಡಕೆ ಬಾಯಿಗೆ ಮಣ್ಣು ಮೆತ್ತಿ ಮುಚ್ಚಿದ್ಲು. ಐದನೇ ದಿನ ಮಡಕೆ ಢಂ ಅಂತ ಸಿಡಿದು ರಾಗಿಯೆಲ್ಲಾ ಅತ್ತೆಯ ಸೀರೆ ಮೇಲೆ. ಅತ್ತೆ ಒರೆಸಿಕೊಳ್ತಾ, ವಾಸನೆ ಚೆನ್ನಾಗಿದೆ ಕಣೇ, ಅಂದ್ಲಂತೆ. ಮೂರನೇ ಸಲ ಬಾಯಿಗೆ ಬಟ್ಟೆ ಕಟ್ಟಿದ್ಲು, ಅದು ಸರಿ, ಆದ್ರೆ ದಿನಕ್ಕೆ ನಾಕು ಸಲ ಬಿಚ್ಚಿ ಬಿಚ್ಚಿ ಇಣುಕಿದ್ಲು. ಹುಳಿ ಅಂದ್ರೆ ಹುಳಿ, ನಾಲಿಗೆ ಮೇಲೆ ಇಟ್ರೆ ಕಣ್ಣು ಮುಚ್ಚೋ ಹುಳಿ. ಅತ್ತೆ ಅದರಲ್ಲಿ ಹಿತ್ತಾಳೆ ಬಿಂದಿಗೆ ತೊಳೆದು, ಈ ತಿಂಗಳು ಹುಣಸೆಹಣ್ಣು ಉಳೀತು ಬಿಡು, ಅಂದ್ಲಂತೆ.

ಈ ಗಲಾಟೆಯೆಲ್ಲಾ ನೋಡ್ತಾ ನೋಡ್ತಾ ಕರಿಸೆಟ್ಟಿಗೂ ಚಪಲ ಹತ್ತಿತು. ನಿನ್ನ ಮಡಕೆ ಸರಿಯಿಲ್ಲ, ಇದಕ್ಕೆ ಹೊಟ್ಟೆ ಅಗಲ ಕತ್ತು ಸಣ್ಣ ಇರೋದು ಬೇಕು ಅಂತ ತಾನೇ ಒಂದು ಮಾಡಿದ. ಕೈ ನಡುಗ್ತಿತ್ತಲ್ಲ, ಮೂರು ಸೊಟ್ಟ ಆಗಿ ನಾಕನೇದು ನೆಟ್ಟಗೆ ಬಂತು. ಆ ಮಡಕೆಯಲ್ಲಿ ಹೆಂಡ ಹದವಾಗಿ ಬಂತಂತೆ. ಗಂಡ ಹೆಂಡ್ತಿ ಜಗಲಿ ಮೇಲೆ ಕೂತು ಒಂದೊಂದು ಕರಟ ಕುಡಿದ್ರು, ಅತ್ತೆ ಎರಡು ಕುಡಿದ್ಲು. ಬೆಳಗ್ಗೆ ಯಾರಿಗೂ ತಲೆನೋವಿಲ್ಲ. ಆಮೇಲೆ ಅವನಿಗೆ ಅದೇ ಧ್ಯಾನ. ಈ ಸಲ ರಾಗಿ ಹುರಿಯೋಣ್ವಾ, ಈ ಸಲ ಶುಂಠಿ ಹಾಕೋಣ್ವಾ ಅಂತ ಹೆಂಡ್ತಿ ಜೊತೆ ಮಾತೇ ಮಾತು. ದೊಡ್ಡಯ್ಯನ ಅಂಗಡಿ ಮರೆತೇ ಹೋಯ್ತು, ಕೈ ನಡುಕ ನಿಂತೋಯ್ತು. ಮನೆಗೆ ಬಂದೋರಿಗೆಲ್ಲಾ ಒಂದು ಕರಟ ಕೊಡೋರು. ಮಾರ್ತಿರ್ಲಿಲ್ಲ. ಕುಡಿದೋರು ಹೇಳ್ಕೊಡಿ ಅಂದ್ರೆ ಹೇಳ್ಕೊಡೋರು.

ದೊಡ್ಡಯ್ಯನಿಗೆ ಹೊಟ್ಟೆ ಉರೀದೆ ಇರುತ್ತಾ? ಕೋಟೆಗೆ ಹೋಗಿ ಪಾಳೇಗಾರರ ಮುಂದೆ ಕೈಮುಗಿದು, ಬುದ್ಧೀ, ಆ ಕುಂಬಾರ್ತಿ ಏನೋ ಮದ್ದು ಹಾಕಿ ಜನರನ್ನ ಮರುಳು ಮಾಡ್ತಾವ್ಳೆ, ಅಂದ್ನಂತೆ. ಪಾಳೇಗಾರರು ಮುದ್ದಾಜಿಯನ್ನ ಕರೆಸಿ ಕೇಳಿದ್ರು.

ಮದ್ದು ಹಾಕ್ತೀಯೇನಮ್ಮ?

ಇಲ್ಲ ಬುದ್ಧಿ. ರಾಗಿ, ನೀರು, ನಮ್ಮವ್ವ ಕೊಟ್ಟ ಹೆಪ್ಪು. ಅಷ್ಟೇ.

ಹಂಗಾದ್ರೆ ಚಾವಡಿಯಲ್ಲಿ ಎಲ್ಲರ ಮುಂದೆ ಮಾಡಿ ತೋರಿಸು ಅಂತ ಮೂರು ಕಟ್ಟಳೆ ಹಾಕಿದ್ರಂತೆ. ರಾಗಿ ಕೋಟೆ ಕಣಜದ್ದು, ಅವಳು ಹೇಳಿದ ಹಾಗೆ ಕೋಟೆಯೋರೇ ಮೊಳಕೆ ಬರಿಸಿ ಬೀಸಿಟ್ಟಿರ್ತಾರೆ, ಮಡಕೆ ಕೋಟೆ ಕೊಡೋ ಹೊಸದು, ಮನೆಯಿಂದ ಅವಳ ಮಡಿಲಲ್ಲಿ ಹಿಡಿಯೋಷ್ಟು ಮಾತ್ರ ತರಬಹುದು. ಏಳು ದಿನಕ್ಕೆ ಹದವಾಗಿ ಬಂದು, ಕುಡಿದೋರು ಮಾರನೇ ದಿನ ಸರಿಯಾಗಿ ಎದ್ರೆ ಸರಿ. ಇಲ್ಲಾಂದ್ರೆ ಮನೆ ಮಡಕೆಯೆಲ್ಲಾ ಒಡೆಸಿ ಊರು ಬಿಡಿಸ್ತೀನಿ ಅಂದ್ರಂತೆ.

ಚಾವಡಿಗೆ ಹೋಗೋ ದಿನ, ಮುದ್ದಾಜಿ ನೀರಿಗೆ ಹೋಗಿದ್ಲು, ಕರಿಸೆಟ್ಟಿ ಕೆರೆ ಮಣ್ಣಿಗೆ ಹೋಗಿದ್ದ, ಮನೆಯಲ್ಲಿ ಅತ್ತೆ ಒಬ್ಬಳೇ. ದೊಡ್ಡಯ್ಯ ಬಂದು, ಅವ್ವಾ, ಒಲೆ ಕೆಂಡ ಇದ್ರೆ ಕೊಡವ್ವ, ಅಂದ. ಅತ್ತೆ ಕೆಂಡ ತರೋಕೆ ಒಳಗೆ ಹೋದ್ಲು. ಅಷ್ಟರಲ್ಲಿ ಗೂಡಲ್ಲಿದ್ದ ಕುಡಿಕೆಯಿಂದ ಬಿಲ್ಲೆಯೆಲ್ಲಾ ಸೊಂಟಕ್ಕೆ ಸಿಕ್ಕಿಸಿಕೊಂಡು, ಕೆಂಡ ತಗೊಂಡು ಹೋದ್ನಂತೆ.

ಮುದ್ದಾಜಿ ಬಂದು ನೋಡ್ತಾಳೆ, ಕುಡಿಕೆ ಖಾಲಿ. ಗೂಡು, ಅಟ್ಟ ಎಲ್ಲಾ ತಡಕಿದ್ಲು, ಎಲ್ಲೂ ಇಲ್ಲ. ಹೊಸ ಬಿಲ್ಲೆ ಮಾಡೋಕೆ ಹದಿನೈದು ದಿನ ಬೇಕು, ತವರು ನಾಕು ದಿನದ ದಾರಿ. ಕರಿಸೆಟ್ಟಿ ಬಂದ, ಕೇಳಿದ. ಆಮೇಲೆ ಅವರ ಹೆಂಡದ ಮಡಕೆ ಹತ್ರ ಹೋಗಿ ಅದರ ಹೊಟ್ಟೆ ಸವರಿದ್ನಂತೆ.

ಮುದ್ದಾಜಿ, ಇದನ್ನ ಯಾವತ್ತಾದ್ರೂ ಬೂದಿ ಹಾಕಿ ಉಜ್ಜಿದ್ದೀಯಾ?

ಇಲ್ಲ. ನಮ್ಮವ್ವ ಬೇಡ ಅಂದಿದ್ಲು, ನೀರಲ್ಲಿ ಅಲುಗಿಸಿ ಇಡ್ತೀನಿ ಅಷ್ಟೇ.

ಹಂಗಾದ್ರೆ ಮಡಕೆ ಹೆಪ್ಪು ಕುಡಿದಿದೆ. ಹಸಿಮಣ್ಣಿಂದ ಇದನ್ನ ಎತ್ತಿದೋನು ನಾನು, ನನಗೆ ಗೊತ್ತು, ಮಣ್ಣು ಕುಡಿದಿದ್ದನ್ನ ಬಿಡಲ್ಲ.

ಅಷ್ಟು ಹೇಳಿ, ನಡುಗೋ ಕೈಯಲ್ಲಿ ಮಾಡಿದ ಆ ಮಡಕೆ, ಅವನ ಜೀವ ಪುಟ್ಟಿ ಅದು, ಅದನ್ನ ಎರಡೂ ಕೈಯಲ್ಲಿ ಎತ್ತಿ ಕಲ್ಲಿನ ಮೇಲೆ ಹಾಕಿ ಒಡೆದುಬಿಟ್ನಂತೆ. ಒಳಗಡೆ ಕಪ್ಪಗೆ ಗಸಿ ಹಿಡಿದಿದ್ದ ಚೂರುಗಳನ್ನ ಆರಿಸಿ ಆರಿಸಿ ಅವಳ ಮಡಿಲಿಗೆ ಹಾಕಿದ.

ಚಾವಡಿಯಲ್ಲಿ ಜನ ನಕ್ಕರು. ರಾಗಿ ಜೊತೆ ಮಡಕೆ ಚೂರು ಬೇಯಿಸ್ತಾಳಾ ಅಂದ್ರು. ಮುದ್ದಾಜಿ ಯಾರ ಮುಖಾನೂ ನೋಡ್ಲಿಲ್ಲ. ಅಂಬಲಿ ಕಾಯಿಸಿ, ಬೆರಳಿಟ್ಟರೆ ಸುಡದ ಹಾಗೆ ಆರಿಸಿ, ಚೂರು ಹಾಕಿ, ಬಾಯಿಗೆ ಬಟ್ಟೆ ಕಟ್ಟಿ ಕೂತ್ಲು. ಒಂದು ದಿನ ಆಯ್ತು, ಏನೂ ಇಲ್ಲ. ಎರಡನೇ ದಿನಾನೂ ಏನೂ ಇಲ್ಲ, ಮಡಕೆಗೆ ಕಿವಿ ಇಟ್ಟರೆ ಸದ್ದೇ ಇಲ್ಲ. ಮುದ್ದಾಜಿ ಊಟ ಮುಟ್ಲಿಲ್ವಂತೆ. ಅತ್ತೆ ಬಂದು ಪಕ್ಕದಲ್ಲಿ ಕೂತ್ಕೊಂಡು, ಪಾತ್ರೆ ಪಗಡೆ ಗಂಟು ಕಟ್ಟಿ ಇಟ್ಟಿದ್ದೀನಿ ಮಗಳೇ, ಹೋದ್ರೆ ಮೂರು ಜನಾನೂ ಹೋಗೋಣ, ನೀನು ಒಬ್ಬಳೇ ಹೋಗಲ್ಲ, ಈಗ ಉಣ್ಣು, ಅಂತ ತುತ್ತು ಕೊಟ್ಲಂತೆ. ಆಗ ಮುದ್ದಾಜಿ ಅತ್ತಳು. ಅಲ್ಲೀತನಕ ಅತ್ತಿರ್ಲಿಲ್ಲ.

ಮೂರನೇ ದಿನ ಬೆಳಗ್ಗೆ ಕರಿಸೆಟ್ಟಿ ಕಿವಿ ಇಟ್ಟ. ಒಳಗೆ ಗುಳುಗುಳು ಅಂತಿತ್ತಂತೆ. ಮುದ್ದಾಜಿಯನ್ನ ಕರೆದು ಅವಳ ಕಿವೀನೂ ಇಡಿಸಿದ. ಏಳನೇ ದಿನ ಪಾಳೇಗಾರರ ಮುಂದೆ ಬಟ್ಟೆ ಬಿಚ್ಚಿದ್ರೆ ಬಿಳೀ ನೊರೆ ಉಕ್ಕಿ ಬಂತು. ದೊಡ್ಡಯ್ಯ ನೋಡಿದ, ತಡೆಯೋಕಾಗ್ಲಿಲ್ಲ. ಇದು ಹೆಂಗೆ ಉಕ್ತು, ಬಿಲ್ಲೆಯೆಲ್ಲಾ ನನ್ನ ಸೊಂಟದಲ್ಲೇ ಇದೆಯಲ್ಲ, ಅಂದುಬಿಟ್ನಂತೆ. ಚಾವಡಿಯಲ್ಲಿ ನಗು ಹತ್ತಿದ್ದು ನಿಲ್ಲಲೇ ಇಲ್ಲ.

ಪಾಳೇಗಾರರ ತಾಯಿ ಮುದುಕಿ, ಮೊದಲು ನನಗೆ ಕೊಡು ಅಂತ ಒಂದು ಕರಟ ಕುಡಿದು, ಕೋಲು ಊರದೆ ನೆಟ್ಟಗೆ ಮನೆಗೆ ನಡೆದ್ಲಂತೆ. ಪಾಳೇಗಾರರು ಕುಡಿದ್ರು, ಊರೋರು ಕುಡಿದ್ರು. ಮಾರನೇ ದಿನ ಎಲ್ಲರೂ ಹೊತ್ತಿಗೆ ಸರಿಯಾಗಿ ಎದ್ದು ಹೊಲಕ್ಕೆ ಹೋದ್ರು. ಆವತ್ತೇ ಪಾಳೇಗಾರರು ಡಂಗುರ ಹೊಡೆಸಿದ್ರಂತೆ: ಮನೆಯಲ್ಲಿ ಮಾಡಿ ಮನೆಯೋರು ನೆಂಟರು ಕುಡಿಯೋ ಹೆಂಡವನ್ನ ಯಾರೂ ಕೇಳಕೂಡದು. ದೊಡ್ಡಯ್ಯನ ಗುತ್ತಿಗೆ ಹೋಯ್ತು. ಅವನು ಬಿಲ್ಲೆ ವಾಪಸ್ ಕೊಟ್ಟು ತಲೆ ತಗ್ಗಿಸಿ ನಿಂತಾಗ ಮುದ್ದಾಜಿ ಅವನಿಗೂ ಒಂದು ಕರಟ ಕೊಟ್ಟು, ಕುಡಿದು ಹೋಗಣ್ಣ, ಅಂದ್ಲಂತೆ.

ಸಂಜೆ ಮನೆಗೆ ಬಂದು ಮೂರು ಜನಾನೂ ಜಗಲಿ ಮೇಲೆ ಕೂತ್ರು. ಚಾವಡಿಯಲ್ಲಿ ಎಲ್ಲರಿಗೂ ಮಾಡಿದೋಳು, ಎಲ್ಲರಿಗೂ ಹುಯ್ದೋಳು, ಆ ಹೆಂಡಾನ ತಾನು ಒಂದು ಹನಿ ಮುಟ್ಟಿರ್ಲಿಲ್ಲ. ಉಳಿದಿದ್ದನ್ನ ಗಂಡ ತಾನೇ ಬಗ್ಗಿಸಿ ಕೊಟ್ಟ. ಮುದ್ದಾಜಿ ಒಂದು ಗುಟುಕು ಕುಡಿದು, ನಾಲಿಗೆ ಚಪ್ಪರಿಸಿ, ಆಕಾಶ ನೋಡ್ತಾ ಯೋಚನೆ ಮಾಡಿದ್ಲಂತೆ.

ಹೆಂಗಿದೆ, ಅಂತ ಕೇಳಿದ ಕರಿಸೆಟ್ಟಿ.

ಚೆನ್ನಾಗಿದೆ, ಅಂದ್ಲು. ಸ್ವಲ್ಪ ತೆಳ್ಳಗಾಯ್ತು. ಮುಂದಿನ ಸಲ ಮೊಳಕೆ ಇನ್ನೊಂದು ದಿನ ಬಿಡೋಣ.

ಕರಿಸೆಟ್ಟಿ ಎದ್ದು ಹೋಗಿ ಆಗಲೇ ರಾಗಿ ನೆನೆಹಾಕಿದ್ನಂತೆ. ಅಲ್ಲಿಗೆ ಕತೆ ಮುಗೀತು, ಇಲ್ಲಿ ನಿನ್ನ ಕಣ್ಣು ಮುಚ್ಚೋಯ್ತು. ಮಲಗು ನನ್ನ ಕೂಸೇ.