ಗಾಣದೆತ್ತಿನ ಪಕ್ಕವಾದ್ಯ

ಬನ್ನಿ, ಹತ್ತಿರ ಬಂದು ಕೂತ್ಕೊಳ್ಳಿ. ಕಾಲು ಚಾಚಿದವರು ಮಡಚಿಕೊಳ್ಳಿ. ಇದು ಎತ್ತಿನ ಕಥೆ, ಎತ್ತಿಗೆ ಕೊಡುವ ಮರ್ಯಾದೆ ಕೊಡಬೇಕು.

ಸೊಡರೂರು ಅಂತ ಒಂದು ರಾಜ್ಯ. ಆ ರಾಜ್ಯದಲ್ಲಿ ಓಬಳಯ್ಯ ಅಂತ ಒಬ್ಬ ಗಾಣಿಗ. ಅವನಿಗೊಂದು ಗಾಣ, ಗಾಣಕ್ಕೊಂದು ಎತ್ತು, ಎತ್ತಿಗೆ ಬೂದ ಅಂತ ಹೆಸರು. ಬೆಳಗಾದರೆ ಓಬಳಯ್ಯ ಗಾಣಕ್ಕೆ ಎಳ್ಳು ಸುರಿದು, ಬೂದನ ಹೆಗಲಿಗೆ ನೊಗ ಕಟ್ಟಿ, ತಾನು ಹಲಗೆಯ ಮೇಲೆ ಕೂತು ಕಿನ್ನರಿ ನುಡಿಸುತ್ತಿದ್ದ. ಮೂರು ಸೋರೆಬುರುಡೆ, ಎರಡು ತಂತಿಯ ಹಳೆಯ ಕಿನ್ನರಿ. ಅವನ ಅವ್ವನದು. ಅವಳು ಅದನ್ನು ಬೂದನಿಗಿಂತ ಹಿಂದಿನ ಎತ್ತಿಗೆ ನುಡಿಸುತ್ತಿದ್ದಳು. ಸಾಯುವಾಗ ಮನೆ ಯಾರಿಗೆ, ಹೊಲ ಯಾರಿಗೆ ಅಂತ ಒಂದು ಮಾತೂ ಆಡದೆ, "ಇದನ್ನ ಮೂಲೆಗೆ ಹಾಕಬೇಡ ಮಗಾ" ಅಂದಿದ್ದಳು. ಮನೆ, ಹೊಲ ಇರಲೂ ಇಲ್ಲ ಅನ್ನಿ.

ಬೂದ ಮಾತಾಡುತ್ತಿತ್ತು. ಆ ಕಾಲದಲ್ಲಿ ಎಲ್ಲಾ ಎತ್ತುಗಳೂ ಮಾತಾಡುತ್ತಿದ್ದವು, ಅದೇನು ದೊಡ್ಡ ವಿಷಯವಲ್ಲ. ಗಾಣದೆತ್ತುಗಳು ಮಾತ್ರ ಕಮ್ಮಿ ಮಾತಾಡುತ್ತಿದ್ದವು. ಸುತ್ತಿದ್ದನ್ನೇ ಸುತ್ತುವವರ ಹತ್ತಿರ ಹೊಸ ಸುದ್ದಿ ಏನಿರುತ್ತದೆ?

ಆ ಗಾಣದಲ್ಲಿ ಒಂದು ಕಟ್ಟಳೆಯಿತ್ತು. ಎತ್ತು ನಿಂತರೆ ಹಾಡು ನಿಲ್ಲಬೇಕು. ಹಾಡು ನಿಂತರೆ ಎತ್ತು ನಿಲ್ಲಬೇಕು. ಎತ್ತಿನ ಹೆಜ್ಜೆಯೇ ತಾಳ. ಹದಿನೆಂಟು ವರ್ಷದಲ್ಲಿ ಓಬಳಯ್ಯ ಆ ಹೆಜ್ಜೆ ಇಲ್ಲದೆ ಒಂದು ಸಲವೂ ತಂತಿ ಮೀಟಿದವನಲ್ಲ. ಎತ್ತು ಬಿಟ್ಟರೆ ಅವನ ಮುಂದೆ ಕೂತು ಕೇಳಿದವರೂ ಇಲ್ಲ.

ಹೀಗಿರುವಾಗ ಒಂದು ದಿನ ರಾಜ ಬಲ್ಲರಸನ ಪಲ್ಲಕ್ಕಿ ಆ ಬೀದಿಗೆ ಬಂತು. ಹಾಡು ಕೇಳಿದ್ದೇ ತಡ, ಹೊತ್ತವರ ಎಂಟು ಕಾಲೂ ಎತ್ತಿನ ಹೆಜ್ಜೆ ಹಿಡಿದವು. ಪಲ್ಲಕ್ಕಿ ಕುಲುಕಾಡುವುದು ನಿಂತಿತು. ರಾಜನಿಗೆ ಬಹಳ ದಿನದಿಂದ ಸೊಂಟನೋವು.

"ಯಾರದು ನುಡಿಸ್ತಿರೋದು?" ಅಂದ ರಾಜ. "ಈ ಸಲ ಮಾರ್ನಮಿಗೆ ಇವನೇ ಬರಲಿ."

ಪ್ರತಿ ಮಾರ್ನಮಿ ಹಬ್ಬದ ದಿನ ರಾಜನ ತುಂಬಿದ ಸಭೆಯಲ್ಲಿ ಹೊಸಬನೊಬ್ಬ ನುಡಿಸಬೇಕು. ಅದು ಪದ್ಧತಿ. ಚೆನ್ನಾಗಿ ನುಡಿಸಿದರೆ ಒಂದು ಶಾಲು. ನಡುವೆ ಕೆಟ್ಟು ನಿಂತರೆ ಅವನ ವಾದ್ಯವೇ ಮುಟ್ಟುಗೋಲು. ಈ ಕಾನೂನು ಬರೆಸಿದವನು ಆಸ್ಥಾನದ ವೀಣೆಯ ವಿದ್ವಾಂಸ ತ್ರಿಲೋಚನ ಪಂಡಿತ. ಮುಟ್ಟುಗೋಲಾದ ವಾದ್ಯಗಳೆಲ್ಲ ಅವನ ಕೋಣೆಗೇ ಹೋಗುತ್ತಿದ್ದವು. ಹನ್ನೊಂದು ವರ್ಷಕ್ಕೆ ಹನ್ನೊಂದು ವಾದ್ಯ. ಅದರಲ್ಲಿ ಒಂಬತ್ತನ್ನು ಅವನಿಗೆ ನುಡಿಸಲು ಬರುತ್ತಿರಲಿಲ್ಲ. ದಿನಾ ಬೆಳಗ್ಗೆ ಧೂಳು ಒರೆಸುತ್ತಿದ್ದ, ಅಷ್ಟೇ. ರಾಜ್ಯದಲ್ಲಿ ತನ್ನದೊಂದೇ ವಾದ್ಯ ಕೇಳಿಸಬೇಕು ಅನ್ನುವ ಆಸೆ ಇದ್ದವನಿಗೆ ಅಷ್ಟು ಕೆಲಸ ಇದ್ದೇ ಇರುತ್ತದೆ.

ಓಬಳಯ್ಯನಿಗೆ ಆ ದಿನದಿಂದ ಅನ್ನ ಸೇರಲಿಲ್ಲ. "ಅವ್ವನ ಕಿನ್ನರಿ ಹೋದರೆ ಏನ್ ಮಾಡ್ಲಿ?" ಅಂದ.

"ಮೊದಲು ಮಜ್ಜಿಗೆ ಕುಡಿ," ಅಂತು ಬೂದ.

ಮಾರ್ನಮಿಗೆ ಇನ್ನು ಒಂಬತ್ತು ದಿನ ಇರುವಾಗ ತ್ರಿಲೋಚನ ಪಂಡಿತ ಗಾಣದ ಬಾಗಿಲಿಗೆ ಬಂದ. ಹಿಂದಿನ ಹನ್ನೊಂದು ಜನರ ಬಾಗಿಲಿಗೂ ಹೀಗೇ ಹೋಗಿದ್ದ. "ಏನಯ್ಯಾ, ಈ ಗಾಣದ ಹಾಡು ಸಭೆಯಲ್ಲಿ ನುಡಿಸಿದರೆ ಜನ ನಗುತ್ತಾರೆ. ಹೊಸದು ನುಡಿಸು. ನಾನು ಹೇಳಿಕೊಡ್ತೀನಿ" ಅಂದು, ಏಳು ತಿರುವಿನ ಒಂದು ಹಾಡನ್ನು ನಿಂತಲ್ಲೇ ಹೊಸೆದು ಹೇಳಿ ಹೋದ.

ಓಬಳಯ್ಯ ಕೈಮುಗಿದು ಕಲಿಯಲು ಕೂತ. ಮೂರನೇ ತಿರುವಿಗೆ ಬೂದ ನಿಂತಿತು.

"ಯಾಕೋ?"

"ಗೊತ್ತಿಲ್ಲದ ದಾರೀಲಿ ನನ್ನನ್ನ ತುಂಬಿದ ಗಾಡಿಗೆ ಕಟ್ತೀಯಾ? ಖಾಲಿ ಗಾಡೀಲಿ ಮೊದಲು ನಾಕು ಸಲ ಓಡಿಸ್ತೀಯ. ಒಂಬತ್ತು ದಿನಕ್ಕೆ ಈ ದಾರಿ ಪಳಗಲ್ಲ ಓಬಳಣ್ಣ."

ಇನ್ನು ಆರು ದಿನ ಇರುವಾಗ ಪಂಡಿತ ಮತ್ತೆ ಬಂದ. "ಏನಯ್ಯಾ, ಈ ತಂತಿಗಳು ಕಿಲುಬು ಹಿಡಿದಿವೆ. ಸಭೆಗೆ ಕೂರುವ ಮುಂಚೆ, ಅವತ್ತೇ, ಹೊಸ ತಂತಿ ಕಟ್ಟು" ಅಂದು ಹೋದ.

ಓಬಳಯ್ಯ ಪರೀಕ್ಷೆಗೆ ಅಂತ ಒಂದು ಹೊಸ ತಂತಿ ಕಟ್ಟಿ ನೋಡಿದ. ಶ್ರುತಿ ಮಾಡಿದ, ಇಳಿಯಿತು. ಮತ್ತೆ ಮಾಡಿದ, ಮತ್ತೆ ಇಳಿಯಿತು. ಮೂರನೇ ಸಲವೂ ಇಳಿಯಿತು.

"ಹೊಸ ಹಗ್ಗ ಎರಡು ದಿನ ಜಗ್ಗುತ್ತೆ," ಅಂತು ಬೂದ. "ನನ್ನ ನೊಗಕ್ಕೆ ಹೊಸ ಹಗ್ಗ ಕಟ್ಟಿದ ದಿನ ನೀನು ಎಣ್ಣೆ ಆಡಿಸೋದೇ ಇಲ್ಲ. ಇದಕ್ಕೆ ಬೇರೆ ನ್ಯಾಯವೇನು?" ಓಬಳಯ್ಯ ಹಳೆಯ ತಂತಿಯನ್ನೇ ಮತ್ತೆ ಕಟ್ಟಿದ.

ಇನ್ನು ಮೂರು ದಿನ ಇರುವಾಗ ಪಂಡಿತ ಮೂರನೇ ಸಲ ಬಂದ. "ಏನಯ್ಯಾ, ನಿನ್ನ ಬೆರಳ ತುದಿ ಕಲ್ಲಾಗಿದೆಯಲ್ಲ! ಕಲ್ಲಿನಿಂದ ನಾದ ಬರುತ್ತದೆಯೇ? ಸಭೆಗೆ ಮುಂಚೆ ಒಂದು ಗಳಿಗೆ ಬಿಸಿನೀರಲ್ಲಿ ನೆನೆಸು. ಮೆತ್ತಗಾಗುತ್ತೆ."

ಓಬಳಯ್ಯ ತನ್ನ ಬೆರಳು ನೋಡಿಕೊಂಡ. ಬೂದ ಹೆಗಲು ಮುಂದೆ ಮಾಡಿತು. ನೊಗ ಕೂರುವ ಜಾಗದಲ್ಲಿ ಅಂಗೈಯಗಲ ಜಡ್ಡು.

"ಇದನ್ನ ನೆನೆಸಿ ಮೆತ್ತಗೆ ಮಾಡಿ ನೊಗ ಕಟ್ಟು, ನೋಡೋಣ. ಮೊದಲನೇ ಸುತ್ತಿಗೇ ರಕ್ತ ಬರುತ್ತೆ."

ಆಗ ಓಬಳಯ್ಯನಿಗೆ ಹೊಳೆಯಿತು. "ಹಾಗಾದ್ರೆ ಆ ಹನ್ನೊಂದು ಜನ..."

"ಹೂಂ. ಅವರ ಮನೇಲಿ ಎತ್ತಿರಲಿಲ್ಲ" ಅಂತು ಬೂದ.

ಆದರೆ ಭಯ ಹೋಗಲಿಲ್ಲ. ಸಭೆಯಲ್ಲಿ ಎತ್ತಿನ ಹೆಜ್ಜೆ ಇರುವುದಿಲ್ಲವಲ್ಲ! ಬೂದನನ್ನು ಸುಮ್ಮನೆ ನಿಲ್ಲಿಸಿ ನುಡಿಸಿ ನೋಡಿದ. ನಾಲ್ಕು ಮೀಟಿಗೆ ಕೈ ನಿಂತಿತು. ಇನ್ನೊಮ್ಮೆ ನೋಡಿದ, ಆರಕ್ಕೆ ನಿಂತಿತು. ಮತ್ತೊಮ್ಮೆ ನೋಡಿದ, ಮೂರಕ್ಕೇ ನಿಂತಿತು. ಕಿನ್ನರಿಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತ. ದೊಡ್ಡ ಗಂಡಸು, ಗೊಳೋ ಅಂತ ಅತ್ತ. ಬೂದ ಮೆಲುಕು ಹಾಕುತ್ತಾ ಅವನ ಅಳು ಮುಗಿಯುವವರೆಗೆ ಕಾದು, ಆಮೇಲೆ ಕಿವಿಯಲ್ಲಿ ಎರಡು ಮಾತು ಹೇಳಿತು. ಓಬಳಯ್ಯ ಮೂಗು ಒರೆಸಿಕೊಂಡು ಎದ್ದ.

ಮಾರ್ನಮಿ ಬಂತು. ಸಭೆ ಕಿಕ್ಕಿರಿದಿತ್ತು. ಓಬಳಯ್ಯ ಕಿನ್ನರಿ ಹಿಡಿದು ಒಳಗೆ ಬಂದ, ಹಿಂದೆಯೇ ಬೂದ ಬಂತು.

"ಎತ್ತು ಯಾಕೆ?" ಅಂದ ರಾಜ.

"ಪಕ್ಕವಾದ್ಯ, ಮಹಾಸ್ವಾಮಿ."

ರಾಜ ಕರಣಿಕನ ಕಡೆ ನೋಡಿದ. ಕರಣಿಕ ಕಾನೂನಿನ ಓಲೆ ತಿರುವಿ ನೋಡಿ ಹೇಳಿದ: "ಪಕ್ಕವಾದ್ಯಕ್ಕೆ ಒಬ್ಬರು ಇರಬಹುದು ಅಂತಿದೆ ಪ್ರಭು. ಎಷ್ಟು ಕಾಲಿರಬೇಕು ಅಂತ ಬರೆದಿಲ್ಲ."

"ಹಾಗಾದರೆ ಇರಲಿ."

ತ್ರಿಲೋಚನ ಪಂಡಿತ ಎದ್ದು ನಿಂತ. ನಾಳೆ ಯಾರೂ ತನ್ನ ಕಡೆ ಬೆರಳು ತೋರಿಸಬಾರದಲ್ಲ, ಅದಕ್ಕೆ. "ಪ್ರಭು, ಈ ಬಡಪಾಯಿಗೆ ನಾನೇ ಮೂರು ಸಲ ಮನೆಬಾಗಿಲಿಗೆ ಹೋಗಿ ಪಾಠ ಹೇಳಿದ್ದೇನೆ. ಇನ್ನೂ ತಪ್ಪಿದರೆ ಅದು ಅವನ ಹಣೆಬರಹ."

ಓಬಳಯ್ಯ ಪಂಡಿತನಿಗೆ ಅಡ್ಡಬಿದ್ದ. "ಹೌದು ಮಹಾಸ್ವಾಮಿ, ಅವರೇ ನನ್ನ ಗುರುಗಳು. ಶಿಷ್ಯನ ಮೊದಲ ಸಭೇಲಿ ಗುರುಗಳು ಮುಂಚೆ ನುಡಿಸೋದು ನಮ್ಮ ರಾಜ್ಯದ ಪದ್ಧತಿ ಅಲ್ವಾ? ಅವರು ಹೇಳಿದ ಮೂರು ಪಾಠದ ಪ್ರಕಾರ ಅವರೇ ಒಂದು ಸಲ ನುಡಿಸಿ ತೋರಿಸಿದರೆ, ನಾನು ನೋಡಿ ಹಂಗೇ ಮಾಡ್ತೀನಿ."

"ನ್ಯಾಯವಾದ ಮಾತು," ಅಂದ ರಾಜ. "ಯಾವುದಪ್ಪ ಆ ಮೂರು ಪಾಠ?"

ಓಬಳಯ್ಯ ಮೂರನ್ನೂ ಹೇಳಿದ. ಪಂಡಿತನ ಮುಖ ಹುಳ್ಳಗಾಯಿತು.

"ಪ್ರಭು, ನನ್ನ ತಂತಿ ಚೆನ್ನಾಗಿಯೇ ಇದೆ..."

"ಅವತ್ತೇ ಹೊಸದು ಕಟ್ಟಬೇಕು ಅಂದವರು ನೀವಲ್ವಾ?" ಅಂದ ರಾಜ.

"ಪ್ರಭು, ನನ್ನ ಬೆರಳು..."

"ಬಿಸಿನೀರು ತರಿಸ್ತೀನಿ."

"ಪ್ರಭು, ಆ ಹಾಡು..."

"ಏಳು ತಿರುವಂತೆ. ಕೇಳೋಣ."

ಸುಳ್ಳು ಪಾಠ ಅಂತ ಒಪ್ಪಿಕೊಳ್ಳುವ ಹಾಗಿಲ್ಲ, ನುಡಿಸುವ ಹಾಗೂ ಇಲ್ಲ. ಇಕ್ಕಟ್ಟಿಗೆ ಸಿಕ್ಕಿದ ಪಂಡಿತ ಒಂದು ಗಳಿಗೆ ತುಂಬಿದ ಸಭೆಯ ಮುಂದೆ ಬಿಸಿನೀರಲ್ಲಿ ಕೈ ಅದ್ದಿಕೊಂಡು ಕೂತ. ಸಭೆಯೂ ಅವನನ್ನು ನೋಡುತ್ತಾ ಕೂತಿತು. ಆಮೇಲೆ ವೀಣೆಗೆ ಹೊಸ ತಂತಿ ಕಟ್ಟಿಸಿ ಶುರುಮಾಡಿದ. ಮೊದಲ ತಿರುವಿಗೆ ಶ್ರುತಿ ಇಳಿಯಿತು. ಎರಡನೇ ತಿರುವಿಗೆ ಬೆರಳು ಕುಯ್ದು ರಕ್ತ ಬಂತು. ಮೂರನೇ ತಿರುವು ಅವನಿಗೆ ನೆನಪೇ ಇರಲಿಲ್ಲ. ಬಾಗಿಲಲ್ಲಿ ನಿಂತು ಹೊಸೆದದ್ದು ಒಳಗೆ ಬರುವಷ್ಟರಲ್ಲಿ ಮರೆತುಹೋಗುತ್ತದೆ.

ಕೈ ನಿಂತಿತು.

"ಕಾನೂನು ಓದು," ಅಂದ ರಾಜ.

"'ನಡುವೆ ಕೆಟ್ಟು ನಿಂತವರು ಯಾರೇ ಆಗಲಿ, ಅವರ ವಾದ್ಯ ಮುಟ್ಟುಗೋಲು.' ಯಾರೇ ಆಗಲಿ ಅಂತ ಪಂಡಿತರೇ ಒತ್ತಿ ಬರೆಸಿದ್ದಾರೆ, ಪ್ರಭು."

ವೀಣೆ ಹೋಯಿತು. ಇಷ್ಟಾದರೂ ಓಬಳಯ್ಯನ ಸರದಿ ತಪ್ಪಲಿಲ್ಲ. ಕಾನೂನು ಅವನಿಗೂ ಒಂದೇ. ಅವನು ಸಭೆಯ ನಡುವಿನ ಕಂಬದ ಪಕ್ಕ ಕೂತ. ಬೂದ ಕಂಬದ ಸುತ್ತ ನಡೆಯಲು ಶುರುಮಾಡಿತು. ಕೊರಳ ಗಂಟೆ ಹೆಜ್ಜೆಗೊಂದು ಸಲ ಬಡಿಯಿತು. ಓಬಳಯ್ಯ ಕಣ್ಣು ಮುಚ್ಚಿ, ಅವ್ವನ ಹಳೆಯ ತಂತಿಯ ಮೇಲೆ, ಜಡ್ಡುಗಟ್ಟಿದ ಬೆರಳಲ್ಲಿ, ಅದೇ ಗಾಣದ ಹಾಡು ನುಡಿಸಿದ.

ನಡುವೆ ಒಂದು ಕಡೆ ತಪ್ಪಿದ. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿಯೇ ತಪ್ಪಿದ. ಎತ್ತಿನ ಕಿವಿ ನಿಮಿರಿತು. ಆದರೆ ಎತ್ತು ನಿಲ್ಲಲಿಲ್ಲ. ಎತ್ತು ನಿಲ್ಲದೆ ಹಾಡು ನಿಲ್ಲುವ ಹಾಗಿಲ್ಲ, ಅದು ಗಾಣದ ಕಟ್ಟಳೆ. ಹಾಗಾಗಿ ಅವನೂ ನಿಲ್ಲಲಿಲ್ಲ. ಮುಂದಿನ ಹೆಜ್ಜೆಗೆ ಹಾಡು ಮತ್ತೆ ಸಿಕ್ಕಿತು. ಹಾಡು ಮುಗಿಯುವಷ್ಟರಲ್ಲಿ ತುಂಬಿದ ಸಭೆ ಕೂತಲ್ಲೇ ಕಾಲು ಆಡಿಸುತ್ತಿತ್ತು. ರಾಜ ಸೊಂಟ ನೀವಿಕೊಂಡು, "ಇನ್ನೊಂದು ಸಲ" ಅಂದ.

ಶಾಲು ಬಂತು. ಓಬಳಯ್ಯ ಅದನ್ನು ಬೂದನ ಬೆನ್ನಿಗೆ ಹೊದಿಸಿ, ರಾಜನ ಮುಂದೆ ನಿಂತು ಆ ಹನ್ನೊಂದು ಜನರ ವಿಷಯ ಹೇಳಿದ. ರಾಜ ಅವರನ್ನೂ ಕರೆಸಿ ಕೇಳಿದ. ಎಲ್ಲರಿಗೂ ಅದೇ ಮೂರು ಪಾಠ. ಕೋಣೆಯ ಬೀಗ ತೆಗೆಸಿದ. ಹನ್ನೊಂದು ವಾದ್ಯಗಳನ್ನೂ ಪಂಡಿತನೇ ತಲೆಯ ಮೇಲೆ ಹೊತ್ತು, ಒಂದೊಂದಾಗಿ, ಹನ್ನೊಂದು ಮನೆಗೆ ಮುಟ್ಟಿಸಿದ. ಒಂದರ ಮೇಲೂ ಧೂಳಿರಲಿಲ್ಲ, ಅದೊಂದು ಒಪ್ಪಿಕೊಳ್ಳಬೇಕು. ಹನ್ನೆರಡನೆಯದಾಗಿ ಅವನ ವೀಣೆ ಅವನಿಗೆ ಸಿಕ್ಕಿತು. ಕಾನೂನಿನ ಓಲೆ ಅರಮನೆಯ ಒಲೆಗೆ ಬಿತ್ತು.

ಗಾಣಕ್ಕೆ ವಾಪಸು ಬರುವ ದಾರಿಯಲ್ಲಿ ಓಬಳಯ್ಯ ಕೇಳಿದ: "ನಾನು ತಪ್ಪಿದ್ದು ನಿಂಗೆ ಗೊತ್ತಾಗಲಿಲ್ವಾ ಬೂದ?"

"ಗೊತ್ತಾಯ್ತು."

"ಮತ್ತೆ ಯಾಕೆ ನಿಲ್ಲಲಿಲ್ಲ?"

"ಹದಿನೆಂಟು ವರ್ಷದಿಂದ ದಿನಾ ಅಲ್ಲೇ ತಪ್ತೀಯ," ಅಂತು ಬೂದ. "ನಾನು ಯಾವತ್ತು ನಿಂತಿದ್ದೀನಿ?"

ಇಷ್ಟೇ ಕಥೆ. ನೀತಿ ಏನಪ್ಪಾ ಅಂದರೆ, ಇನ್ನೊಬ್ಬರನ್ನು ಕೆಡಿಸಲು ಹೇಳಿದ ಬುದ್ಧಿ ಒಂದಲ್ಲ ಒಂದು ದಿನ ಹೇಳಿದವನ ಕೊರಳಿಗೇ ಸುತ್ತಿಕೊಳ್ಳುತ್ತದೆ. ದೊಡ್ಡವರು ಹೇಳಿದರು ಅಂತ ಪಳಗಿದ ಕೈಯನ್ನು ಬಿಡಬೇಡಿ. ನಾಲ್ಕು ಜನರ ಮುಂದೆ ಕೂರುವ ದಿನ, ನಿಮ್ಮ ತಪ್ಪು ಗೊತ್ತಿದ್ದೂ ನಿಲ್ಲದೆ ನಡೆಯುವ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಅವರಿಗೆ ಎಷ್ಟು ಕಾಲಿದ್ದರೂ ಸರಿಯೇ.